ನೋಡಿಕೊಳ್ಳುವವರನ್ನು ನೋಡುವವರು ಯಾರು? – ಕುಂಬ್ಡಾಜೆಯ ಮನೆಗಳಲ್ಲಿ ವೃದ್ಧರ ಆರೈಕೆಯ ಚರಿತ್ರೆ

ಚರಿತ್ರೆಯೆಂದರೆ ಅರಸರು, ಬೀಡುಗಳು, ದೇವಸ್ಥಾನಗಳು, ಶಾಸನಗಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶಾಲೆಯಲ್ಲಿ ನಾವು ಕಲಿಸಿದ್ದೂ ಅದನ್ನೇ. ಆದರೆ ಪ್ರತಿಯೊಂದು ಮನೆಯ ಒಳಕೋಣೆಯಲ್ಲಿ, ಹಾಸಿಗೆ ಹಿಡಿದ ಅಜ್ಜನ ಅಥವಾ ಅಜ್ಜಿಯ ಪಕ್ಕದಲ್ಲಿ, ಯಾರೂ ಬರೆದಿಡದ ಇನ್ನೊಂದು ಚರಿತ್ರೆ ನಡೆದುಬಂದಿದೆ. ಅವರಿಗೆ ಗಂಜಿ ಕುಡಿಸಿದವರು ಯಾರು? ಮೈ ಒರಸಿದವರು ಯಾರು? ರಾತ್ರಿ ಮಗ್ಗುಲು ಬದಲಿಸಿದವರು ಯಾರು? ಅದಕ್ಕಿಂತಲೂ ಮುಖ್ಯವಾಗಿ, ಈ ಕೆಲಸವೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ವಿಚಾರಿಸಿದವರು ಯಾರು? ಈ ಕೊನೆಯ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ದೊರಕಿದೆ. ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಕುಂಬ್ಡಾಜೆಯನ್ನು ಕಣ್ಣಮುಂದೆ ಇಟ್ಟುಕೊಂಡು ಆ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಬದಿಯಡ್ಕ, ಬೆಳ್ಳೂರು, ಎಣ್ಮಕಜೆ, ಕಾರಡ್ಕ ಪಂಚಾಯತುಗಳ ನಡುವೆ ಇರುವ ಕುಂಬ್ಡಾಜೆಗೆ ಪೇಟೆಯೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅಗಲ್ಪಾಡಿ, ಮಾರ್ಪನಡ್ಕ, ಏತಡ್ಕ, ಬೆಳಿಂಜ, ಗೋಸಾಡ ಎಂಬ ಹೆಸರುಗಳು ನಮ್ಮ ಓದುಗರಿಗೆ ಪರಿಚಿತವೇ. ತಗ್ಗಿನಲ್ಲಿ ಅಡಕೆ ತೋಟ, ಮೇಲೆ ಮುರಕಲ್ಲಿನ ಪದವು, ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಯೂ ಕೇಳಿಸದಷ್ಟು ದೂರ. ಇಂತಹ ಊರಿನಲ್ಲಿ ಮುದುಕರ ಆರೈಕೆಯೆಂದರೆ ಅದು ಮನೆಯಲ್ಲೇ ನಡೆಯಬೇಕಾದ ಕಾರ್ಯ. ಬೇರೆ ಸ್ಥಳ ಇರಲಿಲ್ಲ.

ಹಿಂದಿನ ಕಾಲದ ಮನೆಯಿಂದಲೇ ಆರಂಭಿಸೋಣ. ಈ ಪ್ರದೇಶದಲ್ಲಿ ಕೆಲವು ಸಮುದಾಯಗಳಿಗೆ ಅಳಿಯಸಂತಾನ ಕಟ್ಟು, ಕೆಲವಕ್ಕೆ ಮಕ್ಕಳಸಂತಾನ. ಕಟ್ಟು ಯಾವುದೇ ಇರಲಿ, ಆಸ್ತಿ ಒಟ್ಟಿಗೆ ಇತ್ತು, ಅಡುಗೆ ಒಟ್ಟಿಗೆ ಇತ್ತು, ಆದುದರಿಂದ ಮುದುಕರೂ ಎಲ್ಲರಿಗೂ ಸೇರಿದವರಾಗಿದ್ದರು. ಕುಟುಂಬದ ಆಸ್ತಿಯಿಂದ ಜೀವನಾಂಶ ಪಡೆಯುವುದು ಸದಸ್ಯರ ಹಕ್ಕು. ಅದು ಯಜಮಾನನ ದಯೆಯಲ್ಲ. ಇನ್ನು ಮೇಲ್ವಿಚಾರಣೆ? ಅದನ್ನು ನಡೆಸುತ್ತಿದ್ದುದು ನೆರೆಕರೆ. ಹಾಲು ಕೇಳಲು ಬಂದವಳು, ಅಡಕೆ ಸುಲಿಯಲು ಕುಳಿತವರು, ಮದ್ದು ಕೊಡಲು ಬಂದ ಪಂಡಿತರು, ತಂಬಿಲಕ್ಕೋ ಶ್ರಾದ್ಧಕ್ಕೋ ಬಂದ ನೆಂಟರು – ಎಲ್ಲರೂ ಒಮ್ಮೆ ಒಳಗೆ ಇಣುಕಿ "ಹೇಗಿದ್ದೀರಿ ಅಜ್ಜೀ" ಎಂದು ವಿಚಾರಿಸಿಯೇ ಹೋಗುತ್ತಿದ್ದರು. ಮುದುಕರನ್ನು ಕಡೆಗಣಿಸಿದ ಮನೆಯ ಸುದ್ದಿ ಮರುದಿನವೇ ಬೈಲಿನ ಆಚೆಗೆ ಮುಟ್ಟುತ್ತಿತ್ತು. ಲೋಕಾಪವಾದದ ಭಯವೇ ಅಂದಿನ ಇನ್‌ಸ್ಪೆಕ್ಟರು.

ಆದರೆ ಆ ಕಾಲವನ್ನು ಸುವರ್ಣಯುಗವೆಂದು ವರ್ಣಿಸುವ ತಪ್ಪನ್ನು ನಾವು ಮಾಡಲಾರೆವು. ಆರೈಕೆಯ ಭಾರವನ್ನೆಲ್ಲ ಹೊತ್ತವರು ಹೆಂಗಸರು. ಅದರಲ್ಲಿಯೂ ಎಳೆಯ ವಯಸ್ಸಿನಲ್ಲಿಯೇ ವಿಧವೆಯರಾಗಿ ತವರಿಗೆ ಮರಳಿದವರು. ಮನೆಯ ಎಲ್ಲ ಮುದುಕರ ಸೇವೆ ಮಾಡಿ ಮುಗಿಸಿದ ಆ ತಾಯಂದಿರು ತಾವೇ ಹಾಸಿಗೆ ಹಿಡಿದಾಗ ಜಗಲಿಯ ಮೂಲೆಯಲ್ಲಿ ದಿನ ಎಣಿಸಿದ್ದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಇನ್ನು ತೋಟದಲ್ಲಿ ದುಡಿದು ಬೆನ್ನು ಬಾಗಿದವರ ಪಾಡು ಬೇರೆಯೇ. ಧಣಿಯ ಜಾಗದ ಗುಡಿಸಲಿನಲ್ಲಿ ಇದ್ದವನಿಗೆ ದುಡಿಯುವ ಶಕ್ತಿ ಕುಂದಿದ ಮೇಲೆ ಮಲಗುವ ನೆಲವೂ ತನ್ನದಾಗಿರಲಿಲ್ಲ. ನೆರೆಕರೆಯ ಕಣ್ಣು ದೊಡ್ಡ ಮನೆಯ ಚಾವಡಿಯನ್ನು ನೋಡಿತೇ ಹೊರತು ಆ ಗುಡಿಸಲಿನ ಒಳಗನ್ನು ನೋಡಿದ್ದು ಕಡಿಮೆ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಮುರಿಯಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1970ರ ಜನವರಿ 1ರಿಂದ ಭೂಸುಧಾರಣೆಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಗುಡಿಸಲಿನಲ್ಲಿ ವಾಸವಾಗಿದ್ದ ಕುಡಿಕಿಡಪ್ಪುದಾರನಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ಜಾಗವನ್ನು ತನ್ನದಾಗಿಸಿಕೊಳ್ಳುವ ಹಕ್ಕು ಬಂತು. ತನ್ನ ನೆಲದ ಮೇಲೆಯೇ ಮುದುಕನಾಗುವ ಭಾಗ್ಯ ಎಷ್ಟೋ ಮನೆಗಳಿಗೆ ಆಗ ಮೊದಲ ಸಲ ಒದಗಿತು. 1980ರಲ್ಲಿ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿ ಪಿಂಚಣಿ ಆರಂಭವಾದಾಗ ಆ ಮುದುಕರಿಗೆ ಮನೆಯೊಳಗೆ ಒಂದು ಸ್ಥಾನವೂ ಬಂತು. ಇವೆಲ್ಲ ಲಾಭಗಳೇ. ಇನ್ನೊಂದು ಕಡೆ, 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇರಳದ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯಿದೆಯು ಒಟ್ಟು ಆಸ್ತಿಯನ್ನು ಪಾಲುಗಳನ್ನಾಗಿಸಿತು. ಗದ್ದೆಗೆ ಪಾಲು, ತೋಟಕ್ಕೆ ಪಾಲು, ತಾಮ್ರದ ಹಂಡೆಗೂ ಪಾಲು. ಮುದುಕರ ಆರೈಕೆಯ ಪಾಲು ಯಾರಿಗೆಂದು ಪಾಲುಪಟ್ಟಿಯಲ್ಲಿ ಬರೆದವರು ವಿರಳ.

ಬಳಿಕ ಮಕ್ಕಳು ಓದಿದರು. ಓದಿಸಿದವರು ನಾವೇ, ಆದುದರಿಂದ ದೂರುವಂತಿಲ್ಲ. ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ಅವರನ್ನು ಕರೆದವು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರು ಶೇಕಡಾ 8.6 ಇದ್ದರೆ ಕೇರಳದಲ್ಲಿ ಶೇಕಡಾ 12.6. ಬದಿಯಡ್ಕದ ಹಿರಿಯ ಕವಿ ಕಯ್ಯಾರ ಕಿಂಞಣ್ಣ ರೈಯವರು 1915ರಲ್ಲಿ ಜನಿಸಿ, ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಕೂಡುಕುಟುಂಬದ ಚಾವಡಿಯಿಂದ ಮಕ್ಕಳೆಲ್ಲ ಊರು ಬಿಟ್ಟ ಮನೆಗಳವರೆಗಿನ ಈ ಪರಿವರ್ತನೆ ಪೂರ್ತಿಯಾಗಿ ಅಂತಹ ಒಂದೇ ಆಯುಷ್ಯದೊಳಗೆ ನಡೆದುಹೋಯಿತು.

ಇದರ ನಡುವೆ ನಮ್ಮ ಊರಿಗೆ ಮಾತ್ರ ವಿಶೇಷವಾದ ಒಂದು ದುರಂತ ಬಂತು. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದು. ನೆರೆಯ ಎಣ್ಮಕಜೆಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತರಾದ ಶ್ರೀ ಪಡ್ರೆ ಮುಂತಾದವರು ಅದನ್ನು ಲೋಕದ ಗಮನಕ್ಕೆ ತಂದ ಕಥೆ ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಅದರ ಇನ್ನೊಂದು ಮುಖ. ಸಾಮಾನ್ಯವಾಗಿ ಮಕ್ಕಳು ಮುದುಕರನ್ನು ನೋಡಿಕೊಳ್ಳಬೇಕು. ಈ ಮನೆಗಳಲ್ಲಿ ಮುದುಕರೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಅರುವತ್ತು ದಾಟಿದ ತಾಯಿ ಮೂವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುವುದನ್ನು ಕಂಡವರು ಅದನ್ನು ಮರೆಯಲಾರರು. ಆ ತಾಯಿಯ ಸೊಂಟನೋವನ್ನು, ರಕ್ತದೊತ್ತಡವನ್ನು ವಿಚಾರಿಸುವವರು ಯಾರು? ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ 'ಆಶ್ವಾಸಕಿರಣಂ' ಎಂಬ ಸರಕಾರೀ ಯೋಜನೆ ಇದೆ. ದಿನಕ್ಕೆ 20 ರೂಪಾಯಿ. ಲೆಕ್ಕ ಮಾಡಲು ಗಣಿತದ ಮಾಷ್ಟ್ರು ಬೇಕಾಗಿಲ್ಲ.

ಇಂತಹ ಮನೆಗಳ ಬಾಗಿಲಿಗೆ ನಿಯಮಿತವಾಗಿ ಬರತೊಡಗಿದವರು ಊರಿನವರ ಬಾಯಲ್ಲಿ 'ಪಾಲಿಯೇಟಿವ್‌ನವರು'. ಅವರ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1993ರಲ್ಲಿ ಕೋಝಿಕ್ಕೋಡು ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಒಂದು ಸಂಘವನ್ನು ಸ್ಥಾಪಿಸಿದರು. ಆಸ್ಪತ್ರೆಗೆ ಬರಲಾರದವರ ಮನೆಗೇ ಹೋಗಬೇಕೆಂಬ ವಿಚಾರ ಅಲ್ಲಿ ಬೆಳೆಯಿತು. ಆ ದಶಕದ ಕೊನೆಗೆ ಮಲಪ್ಪುರಂ ಜಿಲ್ಲೆಯಲ್ಲಿ ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ತರಬೇತಿ ಪಡೆದು, ಹಾಸಿಗೆ ಹಿಡಿದವರನ್ನು ವಾರಕ್ಕೊಮ್ಮೆ ಕಂಡು, ವೈದ್ಯರಿಗೂ ನರ್ಸುಗಳಿಗೂ ತಿಳಿಸುವ ಜಾಲವೊಂದು ರೂಪುಗೊಂಡಿತು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ 'ನೆರೆಕರೆಯ ಜಾಲ'. ಕಳೆದುಹೋದ ನೆರೆಕರೆಯ ಕಣ್ಣನ್ನೇ ಅವರು ಹೊಸ ರೀತಿಯಲ್ಲಿ ತೆರೆದರು. ಈ ಸಲ ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದವಿಲ್ಲದೆ.

2008ರ ಏಪ್ರಿಲಿನಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಯ ನೀತಿಯನ್ನು ಘೋಷಿಸಿತು. ಭಾರತದಲ್ಲಿ ರಾಜ್ಯವೊಂದು ಇಂತಹ ನೀತಿಯನ್ನು ಅಂಗೀಕರಿಸಿದ್ದು ಅದೇ ಮೊದಲು. ಅದರ ವ್ಯವಸ್ಥೆ ಹೀಗಿದೆ: ಪ್ರತಿ ಗ್ರಾಮ ಪಂಚಾಯತಿನಲ್ಲಿ ವಿಶೇಷ ತರಬೇತಿ ಪಡೆದ ಒಬ್ಬ ಸಮುದಾಯ ನರ್ಸು, ಅವರ ಜೊತೆಗೆ ಆಶಾ ಕಾರ್ಯಕರ್ತೆ, ವಾರ್ಡು ಸದಸ್ಯ, ಸ್ವಯಂಸೇವಕರು. ಪಂಚಾಯತು ಅಧ್ಯಕ್ಷರ ನೇತೃತ್ವದಲ್ಲಿ ಒಂದು ಸಮಿತಿ, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅನುಷ್ಠಾನದ ಹೊಣೆ. ಪ್ರತಿ ರೋಗಿಗೆ ಒಂದು ದಾಖಲೆ ಹಾಳೆ. ಎಂದು ಹೋದರು, ಏನು ಕಂಡರು, ಏನು ಕೊಟ್ಟರು ಎಂಬುದು ಅದರಲ್ಲಿ ಇರಬೇಕು. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಮೇಲಿನ ಆಸ್ಪತ್ರೆಗಳ ತಂಡ. ಆರೈಕೆ ಮಾಡುವವರು, ಬರೆದಿಡುವವರು, ಪರಿಶೀಲಿಸುವವರು ಎಂದು ಮೂರು ಕೈಗಳು ಇಲ್ಲಿ ಸೇರಿವೆ.

ಇದರ ಬೆಲೆ ನಮಗೆ ತಿಳಿದದ್ದು ಪುಸ್ತಕದಿಂದಲ್ಲ. 2013ರ ಆಟಿ ತಿಂಗಳಲ್ಲಿ ನಮ್ಮ ತಾಯಿಯವರು ಅಂಗಳದಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದರು. ಆಗ ಅವರಿಗೆ ಎಂಬತ್ತೇಳು. ನಾವು ನಿವೃತ್ತರಾಗಿದ್ದರೂ ಸಂಘ, ಸಭೆ, ದೇವಸ್ಥಾನದ ಸಮಿತಿಗಳೆಂದು ತಿರುಗುತ್ತಿದ್ದೆವು. ನಮ್ಮ ಮನೆಯವರಿಗೆ ಮೊಣಕಾಲು ನೋವು. ದೂರದ ಪೇಟೆಯ ಒಂದು ಏಜೆನ್ಸಿಯಿಂದ ಹೋಂ ನರ್ಸನ್ನು ತರಿಸಿದೆವು. ಮುಂಗಡ ಪಡೆದ ಏಜೆನ್ಸಿಯವರು "ತರಬೇತಿ ಪಡೆದವಳು" ಎಂದರು. ಆ ಹೆಣ್ಣುಮಗಳು ತನ್ನ ಎರಡು ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವಳು. ತರಬೇತಿಯೆಂದರೆ ಎರಡು ದಿನ ಕೂರಿಸಿ ಹೇಳಿದ್ದು ಅಷ್ಟೇ ಎಂದು ಆಮೇಲೆ ಅವಳೇ ಹೇಳಿದಳು. ಅವಳಿಗೆ ಮಲಯಾಳ ಮಾತ್ರ ಗೊತ್ತು. ನಮ್ಮ ತಾಯಿಯವರಿಗೆ ಕನ್ನಡ, ತುಳು ಮಾತ್ರ. ಕೋಣೆ ಗುಡಿಸಿರುತ್ತಿತ್ತು, ಹೊದಿಕೆ ಮಡಚಿರುತ್ತಿತ್ತು, ಮದ್ದಿನ ಡಬ್ಬಿ ಸಾಲಾಗಿ ಇರುತ್ತಿತ್ತು. ನಾವು ದಿನಕ್ಕೆರಡು ಬಾರಿ ಬಾಗಿಲಲ್ಲಿ ನಿಂತು "ಹೇಗಿದೆ ಅಮ್ಮಾ" ಎನ್ನುತ್ತಿದ್ದೆವು. ಅವರು "ಅಡ್ಡಿಯಿಲ್ಲ" ಎನ್ನುತ್ತಿದ್ದರು. ನಾವು ಸಮಾಧಾನದಿಂದ ಹೊರಡುತ್ತಿದ್ದೆವು.

ಎರಡು ತಿಂಗಳ ಬಳಿಕ ಪಂಚಾಯತಿನ ಪಾಲಿಯೇಟಿವ್ ನರ್ಸು ನಮ್ಮ ಮನೆಗೂ ಬಂದರು. ಅವರು ಬಾಗಿಲಲ್ಲಿ ನಿಲ್ಲಲಿಲ್ಲ. ತಾಯಿಯವರ ಪಕ್ಕದಲ್ಲಿ ಕುಳಿತು, ತುಳುವಿನಲ್ಲಿ ಎರಡು ಮಾತಾಡಿ, ಮೆಲ್ಲನೆ ಮಗ್ಗುಲು ಹೊರಳಿಸಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, "ಮಾಷ್ಟ್ರೇ, ಅಜ್ಜಿಯ ಬೆನ್ನು ನೋಡಿದ್ದೀರಾ?" ಎಂದು ಕೇಳಿದರು.

ನಾವು ನೋಡಿರಲಿಲ್ಲ. ಸೊಂಟದ ಕೆಳಗೆ ಅಂಗೈಯಷ್ಟು ಅಗಲದ ಹುಣ್ಣು ಆಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆ ಹೋಂ ನರ್ಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಒಬ್ಬಳೇ ಹಗಲೂ ರಾತ್ರಿ ಅದನ್ನು ಮಾಡುವುದು ಸಾಧ್ಯವೂ ಇರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ "ಬೇಕಾದರೆ ಬೇರೆಯವಳನ್ನು ಕಳುಹಿಸುತ್ತೇವೆ" ಎಂಬ ಉತ್ತರ. ಯಾರಿಗೆ ದೂರು ಕೊಡಬೇಕೆಂದು ವಿಚಾರಿಸಿದಾಗ, ಅದಕ್ಕೆಂದೇ ಇರುವ ಒಂದು ಕಚೇರಿಯನ್ನು ತೋರಿಸಿಕೊಡಲು ಯಾರಿಂದಲೂ ಆಗಲಿಲ್ಲ. ಮೂವತ್ತಕ್ಕೂ ಮಿಕ್ಕಿದ ವರ್ಷ ಮಕ್ಕಳ ಕಾಪಿ ಪುಸ್ತಕವನ್ನು ಹಾಳೆ ಹಾಳೆ ಮಗುಚಿ ಕೆಂಪು ಶಾಯಿಯಲ್ಲಿ ತಿದ್ದಿದ ನಾವು, ಹೆತ್ತ ತಾಯಿಯನ್ನು ಒಮ್ಮೆ ಮಗ್ಗುಲು ಹೊರಳಿಸಿ ನೋಡಲಿಲ್ಲ. ತಪ್ಪು ಏಜೆನ್ಸಿಯದೋ ಆ ಹೆಣ್ಣುಮಗಳದೋ ಎಂದು ವಾದಿಸುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ನರ್ಸು ಹೇಳಿಕೊಟ್ಟಂತೆ ಮನೆಯವರೆಲ್ಲ ಸರದಿ ಹಾಕಿ, ಗಾಳಿಹಾಸಿಗೆ ತಂದು, ನಿತ್ಯ ತೊಳೆದು ಕಟ್ಟಿದೆವು. ಹುಣ್ಣು ಒಣಗಲು ನಾಲ್ಕು ತಿಂಗಳು ಹಿಡಿಯಿತು. ಮರುವರ್ಷ ತಾಯಿಯವರು ತೀರಿಕೊಂಡಾಗ ಅವರ ಬೆನ್ನು ಶುದ್ಧವಾಗಿತ್ತು. ಅಷ್ಟು ಸಮಾಧಾನ ನಮಗೆ ಉಳಿದಿದೆ.

ಹಣ ಪಡೆದು ಮನೆಗೆ ಬಂದು ಮಾಡುವ ಆರೈಕೆಯ ಮೇಲೆ ಕಾನೂನಿನ ಕಣ್ಣು ಇದೆಯೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡಿದೆ. ಸಂಸತ್ತು 2007ರಲ್ಲಿ ಅಂಗೀಕರಿಸಿದ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಪಡೆಯಲು ನ್ಯಾಯಮಂಡಳಿಯನ್ನು ಒದಗಿಸಿತು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನು ರದ್ದುಗೊಳಿಸುವ ಅವಕಾಶವೂ ಅದರ 23ನೆಯ ವಿಧಿಯಲ್ಲಿದೆ. ಅದು ಮಕ್ಕಳನ್ನು ನೋಡುವ ಕಾನೂನು. ಹೋಂ ನರ್ಸನ್ನು ಕಳುಹಿಸುವವರನ್ನು ನೋಡುವುದಲ್ಲ. ಆ ಕೊರತೆಯನ್ನು ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಮಂಡನೆಯಾಯಿತು. ಹಿರಿಯರಿಗೆ ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಕಾಪಾಡಬೇಕು ಎಂಬುದು ಅದರ ಅಂಶಗಳಲ್ಲಿ ಒಂದು. ಮಸೂದೆ ಸ್ಥಾಯೀ ಸಮಿತಿಗೆ ಹೋಯಿತು, ವರದಿಯೂ ಬಂತು. ಆದರೆ ಕಾಯಿದೆಯಾಗದೆ 2024ರಲ್ಲಿ ಆ ಲೋಕಸಭೆಯೊಂದಿಗೆ ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಇದೆ. ಮೈತೊಳೆಸುವುದು, ಉಣಿಸುವುದು ಮುಂತಾದ ಆರೈಕೆಯನ್ನು ಮನೆಗೆ ಬಂದು ಮಾಡುವ ಏಜೆನ್ಸಿಗಳು ಅಲ್ಲಿ ನೋಂದಣಿಯಿಲ್ಲದೆ ಕೆಲಸ ಮಾಡುವಂತಿಲ್ಲ. ಪರಿಶೀಲನೆಯ ಬಳಿಕ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಟ್ಟು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿಯೂ ಮೇಲಿನಿಂದ ಕಣ್ಣಿಟ್ಟ ಉದಾಹರಣೆ ಇದೆ. ಎಂಡೋಸಲ್ಫಾನ್ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತ್ತು. 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಕೇವಲ 8 ಮಂದಿಗೆ. ನ್ಯಾಯಾಲಯ ಕಟುವಾಗಿ ನುಡಿದ ಮೇಲೆ ವಿತರಣೆ ಚುರುಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ, ಜಿಲ್ಲೆಯ ಆಸ್ಪತ್ರೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಸ್ವತಃ ಹೋಗಿ ಚಿಕಿತ್ಸೆ, ಪಾಲಿಯೇಟಿವ್ ಆರೈಕೆ, ಫಿಸಿಯೋಥೆರಪಿಗಳ ಸ್ಥಿತಿಯನ್ನು ವರದಿ ಮಾಡಬೇಕೆಂದು ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಆಜ್ಞೆಯಾಯಿತು. ಕಾಗದದ ಆದೇಶ ಸಾಲದು, ಹೋಗಿ ನೋಡುವವರೊಬ್ಬರು ಬೇಕು ಎಂಬುದನ್ನು ದೇಶದ ಅತ್ಯುಚ್ಚ ನ್ಯಾಯಾಲಯವೇ ನಮ್ಮ ಜಿಲ್ಲೆಯ ಸಂದರ್ಭದಲ್ಲಿ ಹೇಳಿದಂತಾಯಿತು. 2025ರಲ್ಲಿ ಕೇರಳ ವಿಧಾನಸಭೆಯು ಹಿರಿಯ ನಾಗರಿಕರ ಆಯೋಗವನ್ನು ರಚಿಸುವ ಮಸೂದೆಯನ್ನು ಅಂಗೀಕರಿಸಿದ್ದು ಇನ್ನೊಂದು ಹೆಜ್ಜೆ.

ಆದರೆ ಇನ್‌ಸ್ಪೆಕ್ಷನ್ನಿನ ಮಹಿಮೆಯನ್ನೂ ಮಿತಿಯನ್ನೂ ಮುಖ್ಯೋಪಾಧ್ಯಾಯನಾಗಿದ್ದವನಿಗೆ ಹೇಳಿಕೊಡಬೇಕಾಗಿಲ್ಲ. ಅಧಿಕಾರಿಗಳು ಬರುವ ದಿನ ಶಾಲೆಯ ನೆಲ ಗುಡಿಸಿರುತ್ತದೆ, ಹಾಜರಿ ಪುಸ್ತಕ ಶುದ್ಧವಾಗಿರುತ್ತದೆ. ಉಳಿದ ದಿನಗಳಲ್ಲಿ ಶಾಲೆಯನ್ನು ನೋಡಿಕೊಂಡದ್ದು ಮಕ್ಕಳ ಹೆತ್ತವರು, ಊರಿನವರು. ಮನೆಯ ಆರೈಕೆಯೂ ಹಾಗೆಯೇ. ಕಾನೂನು ಬೇಕು, ನೋಂದಣಿ ಬೇಕು, ದೂರು ಕೊಡಲು ಒಂದು ಕಚೇರಿ ಬೇಕು. ಅದರ ಜೊತೆಗೆ ಮಗ್ಗುಲು ಹೊರಳಿಸಿ ನೋಡುವ ಹತ್ತಿರದ ಕಣ್ಣೊಂದು ಬೇಕು. ನಮ್ಮ ಪ್ರಾಂತದಲ್ಲಿ ಆ ಕಣ್ಣಿಗೆ ಭಾಷೆಯೂ ಬೇಕು. ಮುದುಕರಾದಂತೆ ಕಲಿತ ಭಾಷೆಗಳು ಒಂದೊಂದಾಗಿ ಜಾರಿ, ತೊಟ್ಟಿಲಿನ ಭಾಷೆಯೇ ಉಳಿಯುವುದನ್ನು ನಾವು ಅನೇಕರಲ್ಲಿ ಕಂಡಿದ್ದೇವೆ. 'ಉರಿ' ಎಂದರೆ ಬೇರೆ, 'ಸೆಳೆತ' ಎಂದರೆ ಬೇರೆ, 'ಕುತ್ತು' ಎಂದರೆ ಬೇರೆ. ಇವನ್ನು ಬೇರ್ಪಡಿಸಿ ಕೇಳಿಸಿಕೊಳ್ಳಲಾರದವರು ನೋವಿಗೆ ಮದ್ದು ಹೇಗೆ ಕೊಡಬಲ್ಲರು? ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿಗಾಗಿ ನಾವು ಹೋರಾಡಿದ್ದೇವೆ. ಕನ್ನಡದಲ್ಲಿ, ತುಳುವಿನಲ್ಲಿ ನೋವು ಹೇಳಿಕೊಳ್ಳುವ ಹಕ್ಕೂ ಅದರಲ್ಲಿ ಸೇರಿದೆ ಎಂದು ನಮ್ಮ ಅಭಿಪ್ರಾಯ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಪ್ರತಿ ವಾರ್ಡಿನಿಂದ ಇಬ್ಬರಾದರೂ ಪಾಲಿಯೇಟಿವ್ ಸ್ವಯಂಸೇವಕರಾಗಿ ತರಬೇತಿ ಪಡೆಯಲಿ. ಮನೆಯವರು ಓದಿ ತಿಳಿದುಕೊಳ್ಳುವಂತೆ ಆರೈಕೆಯ ಸೂಚನೆಗಳು ಕನ್ನಡದಲ್ಲಿಯೂ ದೊರೆಯಲಿ. ಅವನ್ನು ಬರೆದುಕೊಡಲು ನಮ್ಮಂಥ ನಿವೃತ್ತ ಅಧ್ಯಾಪಕರು ಸಿದ್ಧರಿದ್ದೇವೆ. ಹೋಂ ನರ್ಸನ್ನು ಇಟ್ಟುಕೊಂಡ ಮನೆಯವರು ಆಕೆಗೆ ನಿದ್ರೆ, ಊಟ, ರಜೆ ಇದೆಯೇ ಎಂದೂ ನೋಡಲಿ. ನಿದ್ರೆಗೆಟ್ಟ ಕೈಯಿಂದ ಒಳ್ಳೆಯ ಆರೈಕೆ ಬಾರದು. ಗ್ರಾಮಸಭೆಯಲ್ಲಿ ರಸ್ತೆ, ನೀರುಗಳ ಜೊತೆಗೆ ಈ ಪ್ರಶ್ನೆಯೂ ಏಳಲಿ: ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಕಳೆದ ತಿಂಗಳು ಅವರಲ್ಲಿ ಎಷ್ಟು ಮಂದಿಯ ಮನೆಗೆ ಹೋಗಿದ್ದಾರೆ?

ಸಮ್ಮೇಳನ ಮುಗಿಸಿ ನಾವೆಲ್ಲ ಮನೆಗೆ ಮರಳುತ್ತೇವೆ. ಒಳಕೋಣೆಯಲ್ಲಿ ಹಿರಿಯರೊಬ್ಬರು ಇದ್ದರೆ, ಬಾಗಿಲಲ್ಲಿ ನಿಂತು "ಹೇಗಿದೆ" ಎನ್ನುವುದರೊಂದಿಗೆ ನಿಲ್ಲಿಸಬೇಡಿ. "ಅಡ್ಡಿಯಿಲ್ಲ" ಎಂದೇ ಅವರು ಹೇಳುತ್ತಾರೆ. ಒಳಗೆ ಹೋಗಿ, ಪಕ್ಕದಲ್ಲಿ ಕುಳಿತು, ಬೆನ್ನು ನೋಡಿ.